ಪಕ್ಷದ ಹಂಗು ತೊರೆದ ರಾಷ್ಟ್ರಾಧ್ಯಕ್ಷ ಜಾನ್ ಆಡಮ್ಸ್

1787ರಲ್ಲಿ ಫಿಲಡೆಲ್ಫಿಯದಲ್ಲಿ ಕುಳಿತು ಅಮೆರಿಕದ ಸಂವಿಧಾನವನ್ನು ರಚಿಸಿದ ಹಿರಿಯರು ರಾಜಕೀಯ ಪಕ್ಷಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪಕ್ಷವೆಂಬುದು ರಾಜ್ಯಕ್ಕೆ ಅಂಟುವ ರೋಗವೆಂದೇ ಅವರಲ್ಲಿ ಬಹುಮಂದಿಯ ಎಣಿಕೆ. ಆದರೆ ಹತ್ತು ವರ್ಷ ತುಂಬುವುದರೊಳಗೆ ಅವರೇ ಎರಡು ಬಣಗಳಾಗಿ ಒಡೆದು ನಿಂತರು. ಆ ಒಡಕಿನ ನಡುವೆ ರಾಷ್ಟ್ರಾಧ್ಯಕ್ಷಪದವಿಯ ಭಾರವನ್ನು ಹೊತ್ತವನು ಜಾನ್ ಆಡಮ್ಸ್. ವಾಷಿಂಗ್ಟನ್ನನ ಕೀರ್ತಿಗೂ ಜೆಫರ್ಸನ್ನನ ಕೀರ್ತಿಗೂ ನಡುವೆ ಸಿಲುಕಿ ಈತನ ಹೆಸರು ಬಹುಕಾಲ ಮಸುಕಾಗಿಯೇ ಉಳಿಯಿತು.

ಆಡಮ್ಸ್ ಹುಟ್ಟಿದ್ದು 1735ರ ಅಕ್ಟೋಬರ್ 30ರಂದು, ಮ್ಯಾಸಚೂಸೆಟ್ಸ್‌ನ ಬ್ರೇನ್‌ಟ್ರೀ ಎಂಬ ಊರಿನಲ್ಲಿ. ತಂದೆ ಬೇಸಾಯಗಾರ, ಬಿಡುವಿನಲ್ಲಿ ಪಾದರಕ್ಷೆಗಳನ್ನೂ ಹೊಲಿಯುತ್ತಿದ್ದನು. ಮಗನು ಹಾರ್ವರ್ಡ್ ಕಾಲೇಜಿನಲ್ಲಿ ಓದಿ 1755ರಲ್ಲಿ ಪದವೀಧರನಾದನು. ಬಳಿಕ ವುಸ್ಟರ್ ಎಂಬಲ್ಲಿ ಶಾಲಾ ಉಪಾಧ್ಯಾಯನಾಗಿದ್ದುಕೊಂಡೇ ನ್ಯಾಯಶಾಸ್ತ್ರವನ್ನು ಅಭ್ಯಾಸಮಾಡಿದನು. ಉಪಾಧ್ಯಾಯವೃತ್ತಿ ಆತನಿಗೆ ಅಷ್ಟಾಗಿ ಹಿಡಿಸಲಿಲ್ಲವೆಂಬುದನ್ನು ಇಲ್ಲಿ ಮರೆಮಾಚಬೇಕಾದ ಕಾರಣವಿಲ್ಲ.

1770ರ ಮಾರ್ಚ್ 5ರಂದು ಬಾಸ್ಟನ್ ನಗರದಲ್ಲಿ ಬ್ರಿಟಿಷ್ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಐವರು ಪ್ರಾಣ ನೀಗಿದರು. ಊರಿಗೆ ಊರೇ ಕೋಪದಿಂದ ಕುದಿಯುತ್ತಿತ್ತು. ಆರೋಪಿಗಳ ಪರವಾಗಿ ವಾದಿಸಲು ಒಪ್ಪಿಕೊಂಡವನು, ಬ್ರಿಟಿಷ್ ಆಳ್ವಿಕೆಯನ್ನು ವಿರೋಧಿಸುತ್ತಿದ್ದ ಇದೇ ಆಡಮ್ಸ್. ಆತನ ವಾದದ ಫಲವಾಗಿ ಸೇನಾಧಿಕಾರಿಯೂ ಆರು ಮಂದಿ ಸೈನಿಕರೂ ನಿರ್ದೋಷಿಗಳೆನಿಸಿದರು. ಉಳಿದಿಬ್ಬರ ಮೇಲೆ ಕೊಲೆಗಿಂತ ಲಘುವಾದ ಅಪರಾಧ ಮಾತ್ರ ಸ್ಥಿರಪಟ್ಟಿತು. ತಾನು ಸರಿಯೆಂದು ಕಂಡದ್ದಕ್ಕೆ ತನ್ನವರ ಮುನಿಸನ್ನು ಎದುರಿಸುವ ಈ ಸ್ವಭಾವವೇ ಮೂವತ್ತು ವರ್ಷಗಳ ಅನಂತರ ಆತನ ಪದವಿಯನ್ನು ನುಂಗಿತು.

1776ರ ಸ್ವಾತಂತ್ರ್ಯಘೋಷಣೆಯ ಕರಡನ್ನು ಸಿದ್ಧಪಡಿಸಿದ ಐವರ ಸಮಿತಿಯಲ್ಲಿ ಆಡಮ್ಸ್ ಇದ್ದನು. ಬರೆದ ಕೈ ಜೆಫರ್ಸನ್ನನದು, ಕಾಂಗ್ರೆಸ್ಸಿನಲ್ಲಿ ಅದಕ್ಕಾಗಿ ಹೋರಾಡಿದ ಕಂಠ ಆಡಮ್ಸನದು. ಮುಂದೆ ಯೂರೋಪಿನಲ್ಲಿ ರಾಯಭಾರಿಯಾಗಿ ದುಡಿದು, 1783ರ ಪ್ಯಾರಿಸ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬನಾದನು. 1789ರಲ್ಲಿ ವಾಷಿಂಗ್ಟನ್ನನು ಅಧ್ಯಕ್ಷನಾದಾಗ ಆಡಮ್ಸ್ ಉಪಾಧ್ಯಕ್ಷನಾದನು.

ಆ ಎಂಟು ವರ್ಷಗಳಲ್ಲಿ ಪಕ್ಷಗಳು ಕುಡಿಯೊಡೆದದ್ದು ಹೊರಗಿನ ಬಯಲಿನಲ್ಲಲ್ಲ, ವಾಷಿಂಗ್ಟನ್ನನ ಮಂತ್ರಿಮಂಡಲದಲ್ಲಿಯೇ. ಅರ್ಥಖಾತೆಯ ಹ್ಯಾಮಿಲ್ಟನ್ನನು ಸಂಸ್ಥಾನಗಳ ಯುದ್ಧದ ಸಾಲವನ್ನು ಕೇಂದ್ರಸರ್ಕಾರವೇ ಹೊರಬೇಕೆಂದನು. 1791ರಲ್ಲಿ ರಾಷ್ಟ್ರೀಯ ಬ್ಯಾಂಕನ್ನು ಸ್ಥಾಪಿಸಿಸಿದನು. ವಿದೇಶಾಂಗ ಖಾತೆಯ ಜೆಫರ್ಸನ್ನನಿಗೆ ಇದರಲ್ಲಿ ಧನಿಕರ ಪ್ರಾಬಲ್ಯದ ವಾಸನೆ ಕಂಡಿತು. 1793ರಲ್ಲಿ ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ಹತ್ತಿಕೊಂಡಾಗ ಬಿರುಕು ಇನ್ನೂ ಅಗಲವಾಯಿತು. ಹ್ಯಾಮಿಲ್ಟನ್ನನ ಕಡೆಯವರು ಫೆಡರಲಿಸ್ಟರೆನಿಸಿ ಬ್ರಿಟನ್ನಿನತ್ತ ಒಲಿದರು. ಜೆಫರ್ಸನ್ ಮತ್ತು ಮ್ಯಾಡಿಸನ್ನರ ಕಡೆಯವರು ರಿಪಬ್ಲಿಕನ್ನರೆನಿಸಿ ಫ್ರಾನ್ಸಿನತ್ತ ಒಲಿದರು. (ಈಗಿನ ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ, ಹೆಸರಿನ ಹೋಲಿಕೆಗೆ ಮರುಳಾಗಬಾರದು.) ಎರಡು ಬಣಗಳಿಗೂ ತಮ್ಮ ತಮ್ಮ ಪತ್ರಿಕೆಗಳು ಹುಟ್ಟಿಕೊಂಡವು.

1796ರಲ್ಲಿ ಪಕ್ಷದ್ವೇಷದ ಬಗೆಗೆ ಎಚ್ಚರಿಕೆ ನೀಡಿ ವಾಷಿಂಗ್ಟನ್ನನು ನಿವೃತ್ತನಾದನು. ಆ ವರ್ಷದ ಚುನಾವಣೆಯಲ್ಲಿ ಆಡಮ್ಸನಿಗೆ 71, ಜೆಫರ್ಸನ್ನನಿಗೆ 68 ಮತಗಳು ಬಂದವು. ಎರಡನೆಯ ಸ್ಥಾನ ಪಡೆದವನೇ ಉಪಾಧ್ಯಕ್ಷನಾಗಬೇಕೆಂಬ ಅಂದಿನ ನಿಯಮದಂತೆ, ಎದುರಾಳಿಯೇ ಪಕ್ಕದ ಆಸನದಲ್ಲಿ ಬಂದು ಕುಳಿತನು. ಇತ್ತ ಆಡಮ್ಸ್ ವಾಷಿಂಗ್ಟನ್ನನ ಮಂತ್ರಿಗಳನ್ನೇ ಉಳಿಸಿಕೊಂಡನು. ಅವರಲ್ಲಿ ಪ್ರಮುಖರಾದ ಮೂವರು ಸಲಹೆ ಕೇಳುತ್ತಿದ್ದುದು ತಮ್ಮ ಅಧ್ಯಕ್ಷನನ್ನಲ್ಲ, ಪದವಿ ಬಿಟ್ಟು ನ್ಯೂಯಾರ್ಕಿನಲ್ಲಿದ್ದ ಹ್ಯಾಮಿಲ್ಟನ್ನನನ್ನು!

ಫ್ರಾನ್ಸು ಅಮೆರಿಕದ ಹಡಗುಗಳನ್ನು ಹಿಡಿಯತೊಡಗಿತ್ತು. ಸಂಧಾನಕ್ಕೆ ಹೋದ ಪ್ರತಿನಿಧಿಗಳನ್ನು ಅಲ್ಲಿನ ವಿದೇಶಮಂತ್ರಿ ಟ್ಯಾಲಿರ‍್ಯಾಂಡನ ಕಡೆಯವರು ಲಂಚ ಕೇಳಿದ ಸುದ್ದಿ 1798ರಲ್ಲಿ ಬಯಲಾದಾಗ ದೇಶವೆಲ್ಲ ಯುದ್ಧೋನ್ಮಾದಕ್ಕೆ ಒಳಗಾಯಿತು. ಆಡಮ್ಸನ ಜನಪ್ರಿಯತೆ ಒಮ್ಮೆಲೇ ಏರಿತು. ಆ ಕಾವಿನಲ್ಲಿಯೇ ಫೆಡರಲಿಸ್ಟರು ಸರ್ಕಾರದ ಟೀಕೆಯನ್ನು ದಂಡನಾರ್ಹವೆನಿಸುವ ರಾಜದ್ರೋಹದ ಕಾಯಿದೆಯನ್ನು ತಂದರು. ಆಡಮ್ಸ್ ಅದಕ್ಕೆ ಸಹಿ ಹಾಕಿದನು. ವರ್ಮಾಂಟಿನ ಮ್ಯಾಥ್ಯೂ ಲಯನ್ ಎಂಬ ಪ್ರತಿನಿಧಿಸಭೆಯ ಸದಸ್ಯನು ಅದರಡಿ ಸೆರೆಮನೆ ಸೇರಿದನು. ಮತದಾರರು ಸೆರೆಯಲ್ಲಿದ್ದಂತೆಯೇ ಅವನನ್ನು ಮರಳಿ ಗೆಲ್ಲಿಸಿದರು. ಸೈನಿಕರಿಗಾಗಿ ನ್ಯಾಯಾಲಯದಲ್ಲಿ ನಿಂತವನು ಇಂಥ ಕಾಯಿದೆಗೆ ಕೈಯೊಡ್ಡಿದ್ದು ಆತನ ಬಾಳಿನ ಕಳಂಕ. ಅದನ್ನು ತೊಳೆಯುವ ಸಮರ್ಥನೆ ಯಾವುದೂ ಇಲ್ಲ.

ಆದರೆ ಯುದ್ಧದ ವಿಷಯದಲ್ಲಿ ಆತನು ತನ್ನ ಪಕ್ಷಕ್ಕೆ ಮಣಿಯಲಿಲ್ಲ. ಹ್ಯಾಮಿಲ್ಟನ್ನನು ಹೊಸ ಸೈನ್ಯದ ಎರಡನೆಯ ದಂಡನಾಯಕನಾಗಿ ಸಿದ್ಧನಾಗಿದ್ದನು. ಯುದ್ಧ ಘೋಷಿಸಿದ್ದರೆ 1800ರ ಚುನಾವಣೆ ಸುಲಭವಾಗುತ್ತಿತ್ತೆಂದು ನಂಬಿದವರು ಅನೇಕರು. 1799ರ ಫೆಬ್ರವರಿಯಲ್ಲಿ ಆಡಮ್ಸ್ ಮಂತ್ರಿಗಳನ್ನು ಕೇಳದೆಯೇ ಫ್ರಾನ್ಸಿಗೆ ಹೊಸ ರಾಯಭಾರಿಯ ಹೆಸರನ್ನು ಸೆನೆಟ್ಟಿಗೆ ಕಳುಹಿಸಿದನು. ಸ್ವಪಕ್ಷದವರು ಬೆಂಕಿಯಾದರು. ಮರುವರ್ಷ ಮೇ ತಿಂಗಳಲ್ಲಿ ಆತನು ಇಬ್ಬರು ಮಂತ್ರಿಗಳನ್ನು ಹೊರದೂಡಿದನು. ಚುನಾವಣೆಯ ಹೊಸ್ತಿಲಲ್ಲಿ ಹ್ಯಾಮಿಲ್ಟನ್ನನು ತನ್ನ ಪಕ್ಷದ ಅಧ್ಯಕ್ಷನನ್ನೇ ಹಳಿದು ಪುಸ್ತಿಕೆ ಬರೆದನು. ಫ್ರಾನ್ಸಿನೊಡನೆ ಒಪ್ಪಂದವಾಯಿತು; ಅದರ ಸುದ್ದಿ ಅಮೆರಿಕವನ್ನು ಮುಟ್ಟುವ ವೇಳೆಗೆ ಚುನಾವಣೆಯ ಫಲ ಬಹುಮಟ್ಟಿಗೆ ನಿಶ್ಚಿತವಾಗಿತ್ತು. ಜೆಫರ್ಸನ್ ಮತ್ತು ಆತನ ಜೊತೆಗಾರ ಬರ್‌ಗೆ ತಲಾ 73, ಆಡಮ್ಸನಿಗೆ 65. ಅದೇ ಚಳಿಗಾಲದಲ್ಲಿ ಮಗ ಚಾರ್ಲ್ಸ್ ತೀರಿಕೊಂಡನು. 1801ರ ಮಾರ್ಚ್ 4ರ ನಸುಕಿನಲ್ಲಿ, ಉತ್ತರಾಧಿಕಾರಿಯ ಪ್ರಮಾಣವಚನಕ್ಕೂ ಕಾಯದೆ, ಆಡಮ್ಸ್ ಊರಿನ ಬಂಡಿ ಹತ್ತಿದನು. ಈ ನಡತೆ ಸಣ್ಣತನವೆಂದು ಆಗಲೂ ಆಡಿಕೊಂಡರು. ಆದರೆ ಅಧಿಕಾರ ಒಂದು ಪಕ್ಷದ ಕೈಯಿಂದ ಎದುರುಪಕ್ಷದ ಕೈಗೆ, ಒಂದು ತೊಟ್ಟು ರಕ್ತ ಚೆಲ್ಲದೆ ದಾಟಿತ್ತು.

ಮುಂದಿನ ಇಪ್ಪತ್ತೈದು ವರ್ಷ ಹೊಲ, ಗ್ರಂಥಗಳು, 1818ರವರೆಗೆ ಪತ್ನಿ ಅಬಿಗೇಲಳ ಸಾಹಚರ್ಯ. ತನ್ನ ಸಮಾಧಿಯ ಮೇಲೆ ಏನಾದರೂ ಕೆತ್ತುವುದಾದರೆ ಫ್ರಾನ್ಸಿನೊಡನೆ ಶಾಂತಿಯ ಹೊಣೆ ಹೊತ್ತ ವಿಷಯವೊಂದೇ ಸಾಕೆಂದು ಆತನು ಮಿತ್ರನೊಬ್ಬನಿಗೆ ಬರೆದನು. ಮುರಿದುಹೋಗಿದ್ದ ಜೆಫರ್ಸನ್ನನ ಸ್ನೇಹವನ್ನು ಬೆಸೆಯಲು ವೈದ್ಯಮಿತ್ರ ಬೆಂಜಮಿನ್ ರಷ್ ವರ್ಷಗಳ ಕಾಲ ಶ್ರಮಿಸಿದನು. 1812ರ ಹೊಸವರ್ಷದ ದಿನ ಆಡಮ್ಸ್ ಮೊದಲ ಕಾಗದ ಬರೆದನು. ಜೆಫರ್ಸನ್ನನು ಒಡನೆಯೇ ಉತ್ತರಿಸಿದನು. ಹದಿನಾಲ್ಕು ವರ್ಷ ಆ ಇಬ್ಬರು ವೃದ್ಧರು ಧರ್ಮ, ತತ್ತ್ವ, ಮುಪ್ಪು, ಕ್ರಾಂತಿಯ ನೆನಪುಗಳನ್ನು ಕುರಿತು ಪತ್ರಗಳಲ್ಲಿ ವಾದಿಸುತ್ತಲೇ ಇದ್ದರು.

1826ರ ಜುಲೈ 4, ಸ್ವಾತಂತ್ರ್ಯಘೋಷಣೆಯ ಐವತ್ತನೆಯ ವರ್ಷದ ಉತ್ಸವದ ದಿನ. ಮಗ ಜಾನ್ ಕ್ವಿನ್ಸಿ ಆಡಮ್ಸ್ ಆಗ ರಾಷ್ಟ್ರಾಧ್ಯಕ್ಷ. ಅಂದು ಸಂಜೆ ತೊಂಬತ್ತು ವರ್ಷದ ಆಡಮ್ಸ್ ತನ್ನ ಮನೆಯಲ್ಲಿ ಕೊನೆಯುಸಿರೆಳೆದನು. ದೂರದ ವರ್ಜೀನಿಯದಲ್ಲಿ ಜೆಫರ್ಸನ್ನನು ಕೆಲವು ತಾಸುಗಳ ಹಿಂದೆಯೇ ಕಣ್ಣುಮುಚ್ಚಿದ್ದನು. ಆ ಸುದ್ದಿ ಮ್ಯಾಸಚೂಸೆಟ್ಸನ್ನು ಇನ್ನೂ ತಲುಪಿರಲಿಲ್ಲ.