ರೇಷ್ಮೆ ಸಾಕುವವರ ಪಾಶ್ಚರ್

ಲೂಯಿ ಪಾಶ್ಚರ್ ಎಂದೊಡನೆ ನಮಗೆ ನೆನಪಾಗುವುದು ಹುಚ್ಚುನಾಯಿ ಕಡಿತದ ಚುಚ್ಚುಮದ್ದು. ಅದು 1885ರ ಮಾತು. ಅದಕ್ಕೂ 20 ವರ್ಷ ಹಿಂದೆ ಅವರು ರೇಷ್ಮೆ ಸಾಕುವ ಬಡ ಸಂಸಾರಗಳ ಕಸುಬನ್ನು ಉಳಿಸಲು ಹೆಣಗಿದ ಕಥೆಯನ್ನು ನಾವು ಅಷ್ಟಾಗಿ ಕೇಳಿಲ್ಲ.

1822ರಲ್ಲಿ ಫ್ರಾನ್ಸಿನ ದೋಲ್ ಪಟ್ಟಣದಲ್ಲಿ, ತೊಗಲು ಹದಮಾಡುವವರೊಬ್ಬರ ಮಗನಾಗಿ ಹುಟ್ಟಿದ ಪಾಶ್ಚರರು ಕಲಿತದ್ದು ರಸಾಯನಶಾಸ್ತ್ರ. ಆ ದೇಶದ ದಕ್ಷಿಣ ಭಾಗದಲ್ಲಿ ಮನೆಮನೆಯಲ್ಲೂ ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕುತ್ತಿದ್ದರು. ಗಂಟುರೋಗ ಹಬ್ಬಿತು. 1853ರಲ್ಲಿ 2 ಕೋಟಿ 60 ಲಕ್ಷ ಕಿಲೋ ಇದ್ದ ಗೂಡಿನ ಉತ್ಪತ್ತಿ 1865ರ ಹೊತ್ತಿಗೆ 40 ಲಕ್ಷ ಕಿಲೋಗೆ ಇಳಿಯಿತು. ಆಗ ಹಳೆಯ ಗುರು ದ್ಯೂಮಾ ಅವರ ಒತ್ತಾಯಕ್ಕೆ ಕಟ್ಟುಬಿದ್ದು, ರೇಷ್ಮೆಹುಳುವನ್ನು ಅದುವರೆಗೆ ಮುಟ್ಟಿಯೂ ನೋಡದ ಪಾಶ್ಚರರು ಆಲೆಸ್ ಊರಿಗೆ ಹೊರಟರು.

ಮೊದಮೊದಲು ಅವರ ಎಣಿಕೆಯೂ ತಪ್ಪಿತು. ಕೊನೆಗೆ ಸಿಕ್ಕಿದ ಉಪಾಯ ಮಾತ್ರ ಬಹು ಸರಳ. ಪ್ರತಿಯೊಂದು ಹೆಣ್ಣು ಚಿಟ್ಟೆಯೂ ಪ್ರತ್ಯೇಕ ಬಟ್ಟೆ ತುಂಡಿನ ಮೇಲೆ ಮೊಟ್ಟೆಯಿಡಬೇಕು. ಆಮೇಲೆ ಆ ಚಿಟ್ಟೆಯನ್ನು ನೀರು ಹಾಕಿ ಅರೆದು, ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಬೇಕು. 14 ತಂಡ ಮೊಟ್ಟೆಗಳ ಭವಿಷ್ಯವನ್ನು ಅವರು ಮೊದಲೇ ಬರೆದು ಮುದ್ರೆ ಹಾಕಿ ಕೊಟ್ಟಿದ್ದರು. 12 ಹಾಗೆಯೇ ಆಯಿತು.

ಆದರೆ ಹಳ್ಳಿಯವರ ಕೈಗೆ ಸೂಕ್ಷ್ಮದರ್ಶಕವೇ? ಹಲವರು ನಕ್ಕರು. ತಮ್ಮ ಪ್ರಯೋಗಶಾಲೆಯ 8 ವರ್ಷದ ಹುಡುಗಿಯೇ ಅದನ್ನು ಸಲೀಸಾಗಿ ಕಲಿತಿದ್ದಾಳೆಂದು ಪಾಶ್ಚರರು ತೋರಿಸಿಕೊಟ್ಟರು. ಸಾಕುವವರಿಗೆ ತಾವೇ ಕಲಿಸಿದರು. ಸಂಶೋಧನೆಗಿಂತ ಈ ಕಲಿಸುವಿಕೆಯೇ ಹೆಚ್ಚು ಕಷ್ಟದ್ದಾಗಿತ್ತೆಂದು ನಮಗೆ ತೋರುತ್ತದೆ. ರೋಗದ ಮೊಟ್ಟೆ ಮಾರಿ ದುಡ್ಡು ಮಾಡುತ್ತಿದ್ದ ವರ್ತಕರು ಸುಮ್ಮನಿರುತ್ತಾರೆಯೇ? ಜನರು ಪಾಶ್ಚರರನ್ನು ಕಲ್ಲು ಹೊಡೆದು ಓಡಿಸಿದರೆಂಬ ಸುಳ್ಳು ಸುದ್ದಿಯೂ ಹಬ್ಬಿತು.

ಆ ವರ್ಷಗಳಲ್ಲೇ ಅವರು ತಂದೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡರು. 1868ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ರೇಷ್ಮೆ ಸೀಮೆಗೆ ಹೊರಟರು. ಗಂಟುರೋಗ, ಸಪ್ಪೆರೋಗ ಎರಡು ಬೇರೆಬೇರೆ ಎಂದು ತಿಳಿಸಿದ ಅವರ ಗ್ರಂಥ 1870ರಲ್ಲಿ ಹೊರಬಂತು.

ಫ್ರಾನ್ಸಿನ ರೇಷ್ಮೆ ಹಿಂದಿನ ವೈಭವಕ್ಕೆ ಮರಳಲಿಲ್ಲ. ಏಷ್ಯಾದ ಅಗ್ಗದ ರೇಷ್ಮೆ ಅಷ್ಟರಲ್ಲಿ ಬಂದಿತ್ತು. ಇಟಲಿಯವರು ಈ ವಿಧಾನವನ್ನು ಬೇಗ ಹಿಡಿದರು. ಪಾಶ್ಚರರು 1895ರಲ್ಲಿ ತೀರಿಕೊಂಡರು. ಕರ್ನಾಟಕದ ಮೊಟ್ಟೆ ಉತ್ಪಾದನಾ ಕೇಂದ್ರಗಳಲ್ಲಿ ಇಂದಿಗೂ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ.