ಪರ್ಸಿ ಹೋಬಾರ್ಟ್

ಶತ್ರು ಎಲ್ಲಿರುವನು, ಅವನ ಬಲವೆಷ್ಟು ಎಂಬುದನ್ನು ಅರಿಯದೆ ಮುನ್ನುಗ್ಗುವ ಸೈನ್ಯವು ಕಣ್ಣಿಲ್ಲದ ಮಲ್ಲನಂತೆ. ಹಿಂದೆ ಈ ಅರಿವನ್ನು ತರುತ್ತಿದ್ದವರು ಕುದುರೆ ಸವಾರರು. ಯಂತ್ರಯುಗದ ಟ್ಯಾಂಕುಪಡೆಗೂ ಅಂತಹ ಕಣ್ಣುಗಳು ಬೇಕೆಂದು ಬಗೆದು, ಅದರಂತೆ ಸೈನ್ಯವನ್ನು ಕಟ್ಟಿದವರಲ್ಲಿ ಪರ್ಸಿ ಹೋಬಾರ್ಟ್ ಪ್ರಮುಖರು.

ಹೋಬಾರ್ಟರು 1885ರಲ್ಲಿ ನಮ್ಮ ದೇಶದ ನೈನಿತಾಲ್‌ನಲ್ಲಿ ಜನಿಸಿದರು. 1904ರಲ್ಲಿ ಬ್ರಿಟಿಷ್ ಸೈನ್ಯದ ಎಂಜಿನಿಯರ್ ದಳವನ್ನು ಸೇರಿದರು. ಮೊದಲನೆಯ ಮಹಾಯುದ್ಧದಲ್ಲಿ, 1918ರಲ್ಲಿ, ಮೆಸೊಪೊಟೇಮಿಯಾದಲ್ಲಿ ವಿಮಾನದಿಂದ ಶತ್ರುಪಡೆಯನ್ನು ವೀಕ್ಷಿಸುತ್ತಿದ್ದಾಗ ಆ ವಿಮಾನ ಕೆಳಗುರುಳಿತು; ಅವರು ತುರ್ಕರ ಸೆರೆಯಾದರು. ಉಕ್ಕಿನ ಕವಚದ ಮೋಟಾರುಗಳ ತುಕಡಿಯೊಂದು ಶತ್ರುಗಳನ್ನು ಬಹುದೂರ ಬೆನ್ನಟ್ಟಿ ಅವರನ್ನು ಬಿಡಿಸಿ ತಂದಿತು.

1923ರಲ್ಲಿ ಅವರು ಟ್ಯಾಂಕು ದಳಕ್ಕೆ ಸೇರಿದರು. 1934ರಲ್ಲಿ ಬ್ರಿಟನ್ನಿನ ಮೊದಲ ಟ್ಯಾಂಕು ಬ್ರಿಗೇಡಿನ ನಾಯಕತ್ವ ಅವರದಾಯಿತು. ಭಾರವಾದ ಟ್ಯಾಂಕುಗಳು ಹೋರಾಡಬೇಕು. ಹಗುರವಾದ ವೇಗದ ಟ್ಯಾಂಕುಗಳು ಮುಂದೆ ಹೋಗಿ ನೋಡಬೇಕು. ಆದರೆ ಕಂಡದ್ದು ಒಡನೆಯೇ ನಾಯಕನಿಗೆ ತಲುಪದಿದ್ದರೆ ಅದು ಕಾಣದಿದ್ದಂತೆಯೇ ಸರಿ. ಆದುದರಿಂದ ಅವರು ರೇಡಿಯೊ ಸಂಪರ್ಕಕ್ಕೆ ಹೆಚ್ಚಿನ ಮಹತ್ತ್ವವಿತ್ತು, ಚಲಿಸುತ್ತಿರುವಾಗಲೇ ಆಜ್ಞೆ ಪಡೆದು ನಡೆಯುವ ಅಭ್ಯಾಸವನ್ನು ಸೈನಿಕರಿಗೆ ಮಾಡಿಸಿದರು.

1938ರಲ್ಲಿ ಈಜಿಪ್ಟಿಗೆ ಹೋಗಿ ಅಲ್ಲಿಯ ಸಂಚಾರಿ ಸೈನ್ಯವನ್ನು ಸಜ್ಜುಗೊಳಿಸಿದರು. ಹನ್ನೊಂದನೆಯ ಹುಸಾರ್ ದಳದ ಬಳಿ ಇದ್ದವು ಹಳೆಯ ಕವಚದ ಮೋಟಾರುಗಳೇ. ದಾರಿಯಿಲ್ಲದ ಮರುಭೂಮಿಯಲ್ಲಿ ದಿಕ್ಕು ತಪ್ಪದೆ ಸಾಗುವುದನ್ನು ಸೈನಿಕರು ಕಲಿತರು.

ಆದರೆ ಮೇಲಧಿಕಾರಿಗಳೊಡನೆ ಭಿನ್ನಾಭಿಪ್ರಾಯ ಬೆಳೆದು, 1939ರಲ್ಲಿ ಅವರು ಆ ಪದವಿಯನ್ನು ಕಳೆದುಕೊಂಡರು. ಸೇನಾನಿಯಾಗಿದ್ದವರು ಮರುವರ್ಷ ತಮ್ಮ ಊರಿನ ಗೃಹರಕ್ಷಕ ದಳದಲ್ಲಿ ಕಿರಿಯ ದರ್ಜೆಯ ಸಿಪಾಯಿಯಾಗಿ ನಿಂತರು. ದೇಶಸೇವೆಗೆ ಪದವಿಯ ಹಂಗು ಅವರಿಗಿರಲಿಲ್ಲ.

ಅದೇ ಕಾಲದಲ್ಲಿ ಅವರ ಶ್ರಮ ಫಲಿಸಿತು. 1940ರ ಜೂನ್‌ನಲ್ಲಿ ಇಟಲಿ ಯುದ್ಧ ಸಾರಿದೊಡನೆ ಹುಸಾರ್ ದಳ ಗಡಿ ದಾಟಿ ಶತ್ರುವಿನ ನೆಲೆಗಳನ್ನು ಶೋಧಿಸತೊಡಗಿತು. 1941ರ ಫೆಬ್ರವರಿಯಲ್ಲಿ ಲಿಬಿಯಾದ ಬೇಡಾ ಫೊಮ್ ಬಳಿ ಇಟಲಿಯ ಸೈನ್ಯದ ದಾರಿಯನ್ನು ಅಡ್ಡಗಟ್ಟಿದವರಲ್ಲಿ ಅದೂ ಒಂದು.

ಪ್ರಧಾನಿ ಚರ್ಚಿಲ್ಲರು ಹೋಬಾರ್ಟರನ್ನು ಮತ್ತೆ ಸೈನ್ಯಕ್ಕೆ ಕರೆಸಿದರು. ನೆಲಬಾಂಬು ಸಿಡಿಸುವ, ಸೇತುವೆ ಹಾಸುವ ಟ್ಯಾಂಕುಗಳ ಅವರ ವಿಶೇಷ ಪಡೆ 1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಸಾವಿರಾರು ಯೋಧರಿಗೆ ದಾರಿ ಮಾಡಿಕೊಟ್ಟಿತು.

1957ರಲ್ಲಿ ಹೋಬಾರ್ಟರು ನಿಧನರಾದರು. ಅಧಿಕಾರ ಹೋದರೂ ಅವರ ಕರ್ತವ್ಯನಿಷ್ಠೆ ಕುಂದಲಿಲ್ಲ. ಅವರು ಕಲಿಸಿದ ವಿದ್ಯೆ, ಅವರಿಲ್ಲದ ರಣರಂಗದಲ್ಲಿಯೂ ಸೈನ್ಯದ ಕಣ್ಣಾಗಿ ನಿಂತಿತು.