ಮೋಟಾರು ಪಂದ್ಯದ ವೀರ ಬ್ರೂಸ್ ಮೆಕ್‌ಲಾರೆನ್

ನಮ್ಮ ಈ ಗೋಡೆ ಪತ್ರಿಕೆಯಲ್ಲಿ ರಾಜರು, ಕವಿಗಳು, ವಿಜ್ಞಾನಿಗಳು ಎಲ್ಲರ ಜೀವನ ಚರಿತ್ರೆಯೂ ಬಂದುಹೋಗಿದೆ. ಕಾರು ಓಡಿಸಿದವರದು ಮಾತ್ರ ಬಂದಿಲ್ಲ. ಅದಕ್ಕೇ ಈ ಸಲ ನಾನು ನ್ಯೂಜಿಲೆಂಡ್ ದೇಶದ ಬ್ರೂಸ್ ಮೆಕ್‌ಲಾರೆನ್ ಅವರ ಬಗ್ಗೆ ಬರೆಯುತ್ತಿದ್ದೇನೆ. ಕಾರು ಓಡಿಸೋದೂ ಒಂದು ಸಾಧನೆಯಾ ಅಂತ ಮೂಗು ಮುರಿಯಬೇಡಿ, ಪೂರ್ತಿ ಓದಿ.

ಬ್ರೂಸ್ ಹುಟ್ಟಿದ್ದು 1937ರ ಆಗಸ್ಟ್ 30ರಂದು, ಆಕ್ಲೆಂಡ್ ನಗರದಲ್ಲಿ. ಅಪ್ಪನಿಗೆ ಪೆಟ್ರೋಲ್ ಬಂಕು, ಗ್ಯಾರೇಜು ಇತ್ತು. ಹುಡುಗನಿಗೆ ಒಂಬತ್ತು ವರ್ಷವಾದಾಗ ಪರ್ಥಿಸ್ ಎಂಬ ಕಾಯಿಲೆ ಬಂತು. ತೊಡೆಮೂಳೆಯ ಮೇಲ್ತುದಿಗೆ, ಅಂದರೆ ಸೊಂಟದ ಕೀಲಿನೊಳಗೆ ಕೂರುವ ಗುಂಡು ಭಾಗಕ್ಕೆ, ರಕ್ತ ಸರಿಯಾಗಿ ಹರಿಯದೆ ಮೂಳೆ ಮೆತ್ತಗಾಗುವ ಕಾಯಿಲೆ ಅದು. ಕಾಲಿನ ಮೇಲೆ ಭಾರವೇ ಬೀಳಬಾರದು ಅಂತ ಆಗ ಮಕ್ಕಳನ್ನು ಚೌಕಟ್ಟಿಗೆ ಕಟ್ಟಿ ಮಲಗಿಸಿಬಿಡುತ್ತಿದ್ದರು. ಸುಮಾರು ಎರಡು ವರ್ಷ ಅವನು ಮನೆಯಿಂದ ದೂರ, ಅಂಥ ಮಕ್ಕಳ ಆಸ್ಪತ್ರೆಯಲ್ಲೇ ಕಳೆದ. ನಾವು ಜ್ವರ ಬಂದು ಮೂರು ದಿನ ಮಲಗಿದರೇ ಬೇಸರ ಪಡ್ತೀವಿ! ಕೊನೆಗೆ ಎದ್ದು ನಡೆದ. ಆದರೆ ಎಡಗಾಲು ಗಿಡ್ಡವಾಗಿಯೇ ಉಳಿಯಿತು, ಜೀವನಪರ್ಯಂತ ಸ್ವಲ್ಪ ಕುಂಟುತ್ತಲೇ ನಡೆದ.

ಅಪ್ಪ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಡಿಬಿಡಿ ಭಾಗಗಳಾಗಿ ಕೊಂಡು ತಂದರು. ಎಂಜಿನ್ ಬರೀ 750 ಸಿ.ಸಿ. ಅಪ್ಪ ಮಗ ಸೇರಿ ಜೋಡಿಸಿದರು. ಹದಿನೈದರ ಆಸುಪಾಸಿನಲ್ಲಿ ಅದೇ ಕಾರಿನಲ್ಲಿ ಅವನು ಗುಡ್ಡ ಹತ್ತುವ ಪಂದ್ಯಕ್ಕೆ ಇಳಿದ. ಮುಂದೆ ಎಂಜಿನಿಯರಿಂಗ್ ಓದಲು ಸೇರಿದರೂ ಮನಸ್ಸು ಪಂದ್ಯದ ಮೇಲೇ ಇತ್ತು. ಯುವಕರನ್ನು ಯೂರೋಪಿಗೆ ಕಳಿಸುವ ಯೋಜನೆಯೊಂದರಲ್ಲಿ ಮೊಟ್ಟಮೊದಲು ಆಯ್ಕೆಯಾಗಿ 1958ರಲ್ಲಿ ಇಂಗ್ಲೆಂಡಿಗೆ ಹೋದ, ಕೂಪರ್ ಎಂಬ ಕಾರಿನ ತಂಡ ಸೇರಿದ. ಕೂಪರ್ ಕಾರಿನ ವಿಶೇಷ ಏನಪ್ಪಾ ಅಂದ್ರೆ ಎಂಜಿನ್ ಚಾಲಕನ ಹಿಂದೆ ಇರುತ್ತಿತ್ತು. ಗಾಡಿಯ ಹಿಂದೆ ಎತ್ತು ಕಟ್ಟಿದ ಹಾಗೆ ಅಂತ ನಗಬೇಡಿ. ಮುಂದಿನ ಎಂಜಿನ್ನಿನಿಂದ ಹಿಂದಿನ ಗಾಲಿಗೆ ಉದ್ದನೆ ಕಬ್ಬಿಣದ ದಂಡ ಬೇಕಿಲ್ಲವಲ್ಲ, ಹಾಗಾಗಿ ಕಾರು ಹಗುರ. ಆಮೇಲೆ ಎಲ್ಲರೂ ಇದನ್ನೇ ಅನುಸರಿಸಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1959ರ ಡಿಸೆಂಬರ್ 12. ಅಮೆರಿಕದ ಫ್ಲೋರಿಡಾದ ಸೆಬ್ರಿಂಗ್ ಎಂಬಲ್ಲಿ ವಿಮಾನ ನಿಲ್ದಾಣದ ಜಾಗದಲ್ಲಿ ಪಂದ್ಯ. 42 ಸುತ್ತು. ಆ ವರ್ಷದ ವಿಶ್ವ ಚಾಂಪಿಯನ್ ಯಾರು ಅಂತ ಅವತ್ತೇ ತೀರ್ಮಾನ ಆಗಬೇಕಿತ್ತು. ಸ್ಟರ್ಲಿಂಗ್ ಮಾಸ್ ಮೊದಲು ಮುನ್ನುಗ್ಗಿದರು, ಆದರೆ ಕೆಲವೇ ಸುತ್ತಿಗೆ ಗೇರು ಕೆಟ್ಟು ನಿಂತರು. ಆಮೇಲೆ ಮುಂದೆ ಜ್ಯಾಕ್ ಬ್ರಾಭಮ್, ಹಿಂದೆ ಅವರದೇ ತಂಡದ ಬ್ರೂಸ್. ಕೊನೆಯ ಸುತ್ತು. ಬ್ರಾಭಮ್ ಕಾರಿನಲ್ಲಿ ಪೆಟ್ರೋಲು ಮುಗಿದುಹೋಯಿತು! ಏನಾಯಿತೋ ಅಂತ ಬ್ರೂಸ್ ತಾನೂ ವೇಗ ತಗ್ಗಿಸಿದ. ನೀನು ಹೋಗು ಅಂತ ಬ್ರಾಭಮ್ ಕೈ ಬೀಸಿದರು. ಅಷ್ಟರಲ್ಲಿ ಹಿಂದಿನಿಂದ ಟ್ರಿಂಟಿಯಾಂ ಎಂಬ ಫ್ರೆಂಚ್ ಚಾಲಕ ಬಂದೇಬಿಟ್ಟಿದ್ದರು. ಬ್ರೂಸ್ ಗೆದ್ದದ್ದು ಬರೀ 0.6 ಸೆಕೆಂಡಿನಿಂದ. ವಯಸ್ಸು 22 ವರ್ಷ 104 ದಿನ. ಗ್ರಾಂಡ್ ಪ್ರಿ ಗೆದ್ದ ಇಷ್ಟು ಚಿಕ್ಕ ವಯಸ್ಸಿನವರು 2003ರಲ್ಲಿ ಅಲೋನ್ಸೊ ಬರುವವರೆಗೂ ಬೇರೆ ಯಾರೂ ಇರಲಿಲ್ಲ. (ಇಲ್ಲಿಂದ ಮುಂದೆ ಬಹುವಚನದಲ್ಲೇ ಬರೆಯುತ್ತೇನೆ.)

ಪಾಪ, ಬ್ರಾಭಮ್ ಇಳಿದು ಕಾರನ್ನು ಕೈಯಲ್ಲೇ ತಳ್ಳುತ್ತ ನಾಲ್ಕನೆಯವರಾಗಿ ಗೆರೆ ದಾಟಿದರು. ಆದರೂ ಅಂಕಗಳ ಲೆಕ್ಕದಲ್ಲಿ ಚಾಂಪಿಯನ್ ಅವರೇ.

ಇದು ಅದೃಷ್ಟದ ಗೆಲುವು ಅನ್ನುವವರಿದ್ದಾರೆ. ನನಗೆ ಹಾಗನ್ನಿಸೋಲ್ಲ. ಪೆಟ್ರೋಲು ಮುಗಿದ ಕಾರಿನ ಬೆನ್ನ ಹಿಂದೆಯೇ ಆ ಹೊತ್ತಿನಲ್ಲಿ ಇರಬೇಕಲ್ಲ, 41 ಸುತ್ತು ಹಾಗೆ ಓಡಿಸಿದ್ದು ಅದೃಷ್ಟವೇ? ಮರು ಪಂದ್ಯ 1960ರ ಫೆಬ್ರವರಿಯಲ್ಲಿ ಅರ್ಜೆಂಟೀನಾದಲ್ಲಿ. ಅದನ್ನೂ ಅವರೇ ಗೆದ್ದರು.

1963ರಲ್ಲಿ ತಮ್ಮದೇ ತಂಡ ಕಟ್ಟಿದರು. 1966ರಲ್ಲಿ ಕ್ರಿಸ್ ಏಮನ್ ಜೊತೆ ಸೇರಿ ಫ್ರಾನ್ಸಿನ ಲೆ ಮಾನ್ ಪಂದ್ಯ ಗೆದ್ದರು. ಅದು 24 ಗಂಟೆ ನಡೆಯುವ ಪಂದ್ಯ, ರಾತ್ರಿಯೂ ಓಡಿಸಬೇಕು. 1968ರಲ್ಲಿ ಬೆಲ್ಜಿಯಂನಲ್ಲಿ ಒಂದು ತಮಾಷೆ ನಡೆಯಿತು. ಮುಂದಿದ್ದ ಜ್ಯಾಕಿ ಸ್ಟುವರ್ಟ್ ಪೆಟ್ರೋಲಿಗಾಗಿ ನಿಂತಿದ್ದು ಬ್ರೂಸ್‌ಗೆ ಗೊತ್ತೇ ಆಗಲಿಲ್ಲ. ತಾನು ಎರಡನೆಯವನು ಅಂದುಕೊಂಡೇ ಗೆರೆ ದಾಟಿದರು. ಗೆದ್ದದ್ದು ತಾವೇ ಅಂತ ಆಮೇಲೆ ಬೇರೆಯವರು ಹೇಳಿ ತಿಳಿಯಿತು. ಅದು ಅವರ ಹೆಸರಿನ ಕಾರಿಗೆ ಮೊದಲ ಗ್ರಾಂಡ್ ಪ್ರಿ ಗೆಲುವು. ನೋಡಿ, ಇಲ್ಲೂ ಪೆಟ್ರೋಲೇ!

1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್ ಎಂಬಲ್ಲಿ ಹೊಸ ಕಾರನ್ನು ಪರೀಕ್ಷೆ ಮಾಡುತ್ತಿದ್ದರು. ಪಂದ್ಯವೂ ಅಲ್ಲ, ಎದುರಾಳಿಯೂ ಇಲ್ಲ. ಭಾರಿ ವೇಗದಲ್ಲಿದ್ದಾಗ ಕಾರಿನ ಹಿಂಭಾಗದ ಹೊದಿಕೆ ಕಿತ್ತುಬಂತು. ಕಾರು ಗಿರಕಿ ಹೊಡೆದು ಕಟ್ಟೆಗೆ ಅಪ್ಪಳಿಸಿತು. ಬ್ರೂಸ್ ಅಲ್ಲೇ ತೀರಿಕೊಂಡರು. 32 ವರ್ಷ ವಯಸ್ಸು. ಹೆಂಡತಿ, ಪುಟ್ಟ ಮಗಳು ಇದ್ದರು.

ತಂಡ ಮುಚ್ಚಿಹೋಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತಿತ್ತು. ಅವರ ಜೊತೆಗಾರ ಡೆನಿ ಹಲ್ಮ್ ಕೂಡ ಸ್ವಲ್ಪ ದಿನದ ಹಿಂದೆಯಷ್ಟೇ ಬೆಂಕಿಯಲ್ಲಿ ಕೈ ಸುಟ್ಟುಕೊಂಡಿದ್ದರು. ಆದರೂ 12 ದಿನ ಕಳೆದು, ಜೂನ್ 14ರಂದು ಕೆನಡಾದ ಮೋಸ್‌ಪೋರ್ಟ್ ಪಂದ್ಯಕ್ಕೆ ಮೆಕ್‌ಲಾರೆನ್ ಕಾರುಗಳು ಬಂದು ನಿಂತವು. ಸುಟ್ಟ ಕೈಯಲ್ಲೇ ಹಲ್ಮ್ ಓಡಿಸಿದರು. ಬ್ರೂಸ್ ಜಾಗಕ್ಕೆ ಡ್ಯಾನ್ ಗರ್ನಿ ಬಂದಿದ್ದರು. ಆ ದಿನ ಗೆದ್ದದ್ದು ಗರ್ನಿ.